ನಮ್ಮ ಮೊದಲ ಮುಖ್ಯಮಂತ್ರಿ, ಕ್ಯಾಸಂಬಳ್ಳಿಯ ವಕೀಲರು

ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಈ ಶಾಲೆಯಲ್ಲಿ ಸಮಾಜ ಪಾಠ ಮಾಡುತ್ತಿದ್ದ ಮೊದಲ ವರ್ಷಗಳಲ್ಲಿ, ನಮ್ಮ ರಾಜ್ಯದ ಮೊದಲ ಮುಖ್ಯಮಂತ್ರಿ ಯಾರೆಂದು ಮಕ್ಕಳು ಕೇಳಿದರೆ ಕೆಂಗಲ್ ಹನುಮಂತಯ್ಯನವರು ಎಂದುಬಿಡುತ್ತಿದ್ದೆ. ವಿಧಾನಸೌಧ ಕಟ್ಟಿಸಿದವರ ಹೆಸರೇ ಮೊದಲು ನಾಲಿಗೆಗೆ ಬರುತ್ತಿತ್ತು. ಒಮ್ಮೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, "ನಮ್ಮ ಬಡಾವಣೆಗೆ ರಾಜಾಜಿ ಹೆಸರಿಟ್ಟಾಗ ಮುಖ್ಯಮಂತ್ರಿ ಯಾರಿದ್ರು ಸಾರ್?" ಎಂದಳು. ನಾಳೆ ಹೇಳುತ್ತೇನೆ ಎಂದೆ. ಹುಡುಕಿದಾಗ ಸಿಕ್ಕಿದ ಹೆಸರು ಕೆ.ಸಿ. ರೆಡ್ಡಿ.

ಚೆಂಗಲರಾಯ ರೆಡ್ಡಿಯವರು 1902ರಲ್ಲಿ ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯಲ್ಲಿ ಹುಟ್ಟಿದರು. ಕಾನೂನು ಓದಿದರು. ಆಗ ಮೈಸೂರು ಸಂಸ್ಥಾನದಲ್ಲಿ 1881ರಿಂದ ಪ್ರಜಾಪ್ರತಿನಿಧಿ ಸಭೆಯೂ 1907ರಿಂದ ನ್ಯಾಯ ವಿಧೇಯಕ ಸಭೆಯೂ ಇದ್ದವು. ಸದಸ್ಯರು ಜನರ ಕಷ್ಟ ಹೇಳಿಕೊಳ್ಳಬಹುದಿತ್ತು. ದಿವಾನರನ್ನು ಇಳಿಸುವ ಅಧಿಕಾರ ಮಾತ್ರ ಇರಲಿಲ್ಲ. ದಿವಾನರು ಉತ್ತರ ಕೊಡಬೇಕಾಗಿದ್ದುದು ಮಹಾರಾಜರಿಗೆ. 'ಮಾದರಿ ಸಂಸ್ಥಾನ'ದಲ್ಲೂ ಇದ್ದ ಕೊರತೆ ಇದು.

ಸರ್ಕಾರ ಪ್ರಜೆಗಳಿಗೆ ಉತ್ತರ ಕೊಡಬೇಕು, ಅಂದರೆ ಜವಾಬ್ದಾರಿ ಸರ್ಕಾರ ಬರಬೇಕು ಎಂಬ ಗುರಿಯಿಂದ ರೆಡ್ಡಿಯವರು ಗೆಳೆಯರೊಡನೆ 1930ರಲ್ಲಿ ಪ್ರಜಾಪಕ್ಷ ಕಟ್ಟಿದರು. ಮುಂದೆ ಕಾಂಗ್ರೆಸ್ ಸೇರಿದರು. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದರೂ ಮೈಸೂರಿನಲ್ಲಿ ದಿವಾನರ ಆಡಳಿತವೇ ಮುಂದುವರಿಯಿತು. ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ಚಳವಳಿ ಶುರುವಾಯಿತು. ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದರು. ರೆಡ್ಡಿಯವರು ಬಂಧನಕ್ಕೊಳಗಾದರು. ಕೊನೆಗೆ ಮಹಾರಾಜ ಜಯಚಾಮರಾಜ ಒಡೆಯರು ಒಪ್ಪಿದರು. ಅಕ್ಟೋಬರ್ 25ರಂದು ರೆಡ್ಡಿಯವರು ಮುಖ್ಯಮಂತ್ರಿಯಾದರು.

ಅವರ ಕಾಲದಲ್ಲೇ, 1949ರಲ್ಲಿ, ಗವರ್ನರ್ ಜನರಲ್ ರಾಜಾಜಿಯವರು ಬಂದು ನಮ್ಮ ಕೈಗಾರಿಕಾ ಉಪನಗರಕ್ಕೆ ಚಾಲನೆ ಕೊಟ್ಟರು. ರಾಜಾಜಿಯವರೂ ಸೇಲಂನಲ್ಲಿ ವಕೀಲಿ ಮಾಡಿದವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಬಂದ ಅತಿಥಿಯ ಹೆಸರು ದಿನವೂ ಬಸ್ಸಿನ ಬೋರ್ಡಿನಲ್ಲಿ ಓಡಾಡುತ್ತಿದೆ. ಆಗ ನಾಡನ್ನು ನಡೆಸುತ್ತಿದ್ದವರ ಹೆಸರು ಮೇಷ್ಟರಿಗೇ ಗೊತ್ತಿರಲಿಲ್ಲ!

1952ರ ಚುನಾವಣೆಯ ನಂತರ ಹನುಮಂತಯ್ಯನವರು ಮುಖ್ಯಮಂತ್ರಿಯಾದರು. ರೆಡ್ಡಿಯವರು ಕೇಂದ್ರದಲ್ಲಿ ಸಚಿವರಾಗಿ, ಮಧ್ಯಪ್ರದೇಶದ ರಾಜ್ಯಪಾಲರಾಗಿ ದುಡಿದು 1976ರಲ್ಲಿ ತೀರಿಕೊಂಡರು.

ಮರುದಿನ ತರಗತಿಯಲ್ಲಿ ನನ್ನ ತಪ್ಪನ್ನು ಹೇಳಿ, ಸರಿಯಾದ ಹೆಸರನ್ನು ಬೋರ್ಡಿನ ಮೇಲೆ ಬರೆದೆ. ಆ ಹುಡುಗಿ ನಕ್ಕಳು, ಹೆಸರನ್ನು ಬರೆದುಕೊಂಡಳು. ಕೇಳಿದವರಿಗೆ ಉತ್ತರ ಕೊಡಬೇಕೆಂಬುದಕ್ಕೇ ರೆಡ್ಡಿಯವರು ಹದಿನೇಳು ವರ್ಷ ಹೋರಾಡಿದ್ದಲ್ಲವೇ? ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಅಜ್ಜ ಅಜ್ಜಿ 'ಮೈಸೂರು ಚಲೋ' ದಿನಗಳ ಬಗ್ಗೆ ಹೇಳಿದ ಮಾತು ನೆನಪಿದ್ದರೆ ಒಂದು ಪುಟ ಬರೆದು ಶಾಲೆಯ ಗ್ರಂಥಾಲಯಕ್ಕೆ ಕೊಡಿ. ಮುಂದೆ ಇಲ್ಲಿ ಪಾಠ ಮಾಡುವವರಿಗೆ ನನ್ನ ಪಾಡು ಬಾರದಿರಲಿ.