ಪತ್ತನಾಜೆ ಮತ್ತು ಮುಂಗಾರಿನ ಗಣಿತ

ತುಳುವರ ಸೌರಮಾನದ ಬೇಶ ತಿಂಗಳ ಹತ್ತನೆಯ ದಿನವೇ ಪತ್ತನಾಜೆ. ಮೇ 24ರ ಸುಮಾರಿಗೆ ಬರುವ ಈ ದಿನದಿಂದ ಕೋಲ, ನೇಮಗಳು ನಿಲ್ಲುತ್ತವೆ. ಕಟೀಲಿನಂತಹ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆಗಾಲಕ್ಕೆ ಮುನ್ನ ಬಯಲಿನ ಆಚರಣೆಗಳನ್ನು ಮುಗಿಸುವ ಈ ಕಟ್ಟಳೆಯನ್ನು ‘ಪೂರ್ವಿಕರ ಹವಾಮಾನ ವಿಜ್ಞಾನ’ವೆಂದು ಕೊಂಡಾಡುವ ವಾಡಿಕೆ ಜಾನಪದ ಬರಹಗಳಲ್ಲಿದೆ. ಆ ಮಾತನ್ನು ಗಣಿತದೆದುರು ಇರಿಸಿ ಪರಿಶೀಲಿಸುವುದು ಉಚಿತ.

ಮುಂಗಾರನ್ನು ಲೆಕ್ಕದಿಂದ ಅರಿಯುವ ಯತ್ನಕ್ಕೆ ಶತಮಾನಕ್ಕೂ ಮೀರಿದ ಚರಿತ್ರೆಯಿದೆ. 1904ರಿಂದ 1924ರವರೆಗೆ ಭಾರತದ ವೀಕ್ಷಣಾಲಯಗಳ ಮುಖ್ಯಸ್ಥರಾಗಿದ್ದ ಗಣಿತಜ್ಞ ಗಿಲ್ಬರ್ಟ್ ವಾಕರ್ ದೂರದೂರದ ಪ್ರದೇಶಗಳ ವಾಯುಭಾರ ಹಾಗೂ ಮಳೆಯ ಸಹಸಂಬಂಧಗಳನ್ನು ಗಣಿಸಿದರು. ಇಂದಿನ ಮಾದರಿಗಳಾದರೋ ಭೂಮಿಯನ್ನು ಚೌಕಗಳಾಗಿ ವಿಭಜಿಸಿ ಗಾಳಿ, ಕಡಲು, ಶಾಖಗಳ ಸಮೀಕರಣಗಳನ್ನೇ ಬಿಡಿಸುತ್ತವೆ.

ಈ ಲೆಕ್ಕದಲ್ಲಿ ಮಂಗಳೂರಿಗೂ ಪಾಲಿದೆ. ಕೇರಳಕ್ಕೆ ಮುಂಗಾರು ಬಂದಿತೆಂದು ಸಾರಲು ಭಾರತ ಹವಾಮಾನ ಇಲಾಖೆಯು 2006ರಿಂದ 14 ಕೇಂದ್ರಗಳ ಮಳೆಯನ್ನು ಗಮನಿಸುತ್ತಿದೆ. ಅವುಗಳಲ್ಲಿ ಕಾಸರಗೋಡಿನ ಕೂಡ್ಲು ಒಂದು. ಕರ್ನಾಟಕದ ಏಕೈಕ ಕೇಂದ್ರ ಮಂಗಳೂರು. ಮೇ 10ರ ಬಳಿಕ ಶೇಕಡಾ 60ರಷ್ಟು ಕೇಂದ್ರಗಳಲ್ಲಿ ಸತತ ಎರಡು ದಿನ ಕನಿಷ್ಠ 2.5 ಮಿ.ಮೀ. ಮಳೆ ಬೀಳಬೇಕು, ಗಾಳಿಯೂ, ಭೂಮಿಯಿಂದ ಹೊರಸೂಸುವ ಶಾಖವಿಕಿರಣವೂ ನಿಗದಿತ ಮಿತಿಯಲ್ಲಿರಬೇಕು.

ಇಲಾಖೆಯ ಪ್ರಕಾರ ಮುಂಗಾರು ಕೇರಳವನ್ನು ತಲಪುವ ಸರಾಸರಿ ದಿನ ಜೂನ್ 1. ಮಾನಕ ವಿಚಲನೆ ಸುಮಾರು 7 ದಿನ. ಎಂದರೆ ಬಹುಪಾಲು ವರ್ಷಗಳಲ್ಲಿ ಅದು ಮೇ 25 ಮತ್ತು ಜೂನ್ 8ರ ನಡುವೆ ಬರುತ್ತದೆ. ಪತ್ತನಾಜೆ ನಿಂತಿರುವುದು ಸರಿಯಾಗಿ ಈ ಅವಧಿಯ ಮೊದಲ ಅಂಚಿನಲ್ಲಿ. ಮಳೆ ಯಾವಾಗ ಬರುವುದೆಂದು ಅದು ಹೇಳದು. ಬೇಗ ಬಂದರೆ ಅಂಗಳ ತೆರವಾಗಿರಲಿ ಎನ್ನುತ್ತದೆ. 2025ರಲ್ಲಿ ಮುಂಗಾರು ಮೇ 24ರಂದೇ ಕೇರಳವನ್ನು ಪ್ರವೇಶಿಸಿತು.

ಇಷ್ಟರಿಂದ ಹಿಗ್ಗುವಂತಿಲ್ಲ. ನಮ್ಮ ಸೌರಮಾನ ನಿರಯಣವಾದುದು. ನಕ್ಷತ್ರಗಳನ್ನು ಆಧರಿಸಿದ ಈ ವರ್ಷ ಋತುಚಕ್ರದ ವರ್ಷಕ್ಕಿಂತ ಸುಮಾರು 20 ನಿಮಿಷ ದೀರ್ಘ. ಅಲ್ಪವೆನಿಸುವ ಈ ಅಂತರ ಸಾವಿರ ವರ್ಷಗಳಲ್ಲಿ ಎರಡು ವಾರವಾಗುತ್ತದೆ. ಸಾವಿರ ವರ್ಷಗಳ ಹಿಂದೆ ಬೇಶದ ಹತ್ತು ಇಂದಿನ ಮೇ 10ರ ಆಸುಪಾಸಿನ ಋತುಸ್ಥಿತಿಯಲ್ಲಿ ಬರುತ್ತಿತ್ತು. ಅಂದಿನ ಮಳೆಯೂ ಇಂದಿನ ಕ್ರಮದಲ್ಲೇ ಬರುತ್ತಿದ್ದಿದ್ದರೆ ಅದಕ್ಕಿನ್ನೂ ಮೂರು ವಾರವಿರುತ್ತಿತ್ತು. ಹಾಗಾದರೆ ಒಂದೋ ಈ ಗಡುವು ನಾವು ಭಾವಿಸಿದಷ್ಟು ಹಳೆಯದಲ್ಲ, ಇಲ್ಲವೇ ಅದರ ಮೂಲ ಕಾರಣ ಮಳೆಯೊಂದೇ ಅಲ್ಲ. ಪತ್ತನಾಜೆಯ ಪ್ರಾಚೀನತೆಯನ್ನು ಪ್ರತಿಪಾದಿಸುವವರು ಮೊದಲು ಈ ಎರಡು ವಾರಗಳಿಗೆ ಸಮಾಧಾನ ಹೇಳಬೇಕಾಗುತ್ತದೆ.