ಕೇಡಗಾಂವದ ಹಾದಿ: ಪಂಡಿತಾ ರಮಾಬಾಯಿ ಮತ್ತು ನಾವು

ನಮ್ಮ ಪ್ರಾರ್ಥನಾ ಕೂಟದ ಸ್ಮರಣ ಸಂಚಿಕೆಗೆ ಹಿರಿಯರ ಬಗ್ಗೆ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ನಾನು ಆರಿಸಿಕೊಂಡದ್ದು ಪಂಡಿತಾ ರಮಾಬಾಯಿಯವರನ್ನು. ಸೊಲ್ಲಾಪುರದ ಚಿಂಚೋಳಿ ಎಂಐಡಿಸಿಯಲ್ಲಿ ದುಡಿಯುವ ಅಕ್ಕಲಕೋಟ, ಆಳಂದ ಕಡೆಯ ನಮ್ಮ ಮಂದಿಗೂ ಅವರಿಗೂ ಏನು ನಂಟು ಅಂತ ಕೇಳಬಹುದು. ಕಲಬುರ್ಗಿಯಿಂದ ಸೊಲ್ಲಾಪುರ ದಾಟಿ ಪುಣೆಗೆ ಹೋಗುವ ರೈಲಿನಲ್ಲಿ ಕೂತರೆ ದೌಂಡ್ ಆದಮೇಲೆ ಕೇಡಗಾಂವ ಬರುತ್ತದೆ. ಅವರ ಮುಕ್ತಿ ಸದನ ಇರುವುದು ಅಲ್ಲೇ.

ಅವರು ಹುಟ್ಟಿದ್ದು 1858ರಲ್ಲಿ, ತುಂಗೆ, ಭದ್ರೆಯರು ಹುಟ್ಟುವ ಗಂಗಾಮೂಲದಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರವರ ಸಿಟ್ಟಿಗೆ ಗುರಿಯಾದ ತಂದೆ ಅನಂತಶಾಸ್ತ್ರಿ ಡೋಂಗ್ರೆ ಆ ಕಾಡು ಸೇರಿದ್ದರು. ಮುಂದೆ ಬರಗಾಲ ತಂದೆ, ತಾಯಿ, ಅಕ್ಕ ಮೂವರನ್ನೂ ಒಯ್ದಿತು. ಅಣ್ಣನೊಂದಿಗೆ ಕಾಲ್ನಡಿಗೆಯಲ್ಲೇ ದೇಶ ಸುತ್ತಿದ ಹುಡುಗಿಗೆ 1878ರಲ್ಲಿ ಕಲಕತ್ತೆಯ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಜಾತಿ ಮೀರಿ ಮದುವೆಯಾದರು. ಎರಡು ವರ್ಷದೊಳಗೆ ಗಂಡ ತೀರಿಕೊಂಡು, ಮಡಿಲಲ್ಲಿ ಮಗಳು ಮನೋರಮಾ ಉಳಿದಳು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತ ದೀಕ್ಷಾಸ್ನಾನ ಪಡೆದರು.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಅದು ಪುಣೆಗೆ ಬಂದಮೇಲೆ, ಹುಡುಗಿಯರು ಕ್ರಿಸ್ತನ ಕಡೆ ವಾಲುತ್ತಿದ್ದಾರೆಂದು 1893ರಲ್ಲಿ ಗದ್ದಲವೆದ್ದಿತು. ಸುಧಾರಕರಾದ ರಾನಡೆ, ಭಂಡಾರ್ಕರ್ ಸದನದ ಸಲಹಾ ಸಮಿತಿಯಿಂದ ಹೊರಬಂದರು. ಎರಡೂ ಕಡೆ ದೊಡ್ಡವರೇ ಇದ್ದರು. ಆ ಮಾತು ಇಲ್ಲಿಗೆ ಸಾಕು.

1896–97ರ ಬರದಲ್ಲಿ ರಮಾಬಾಯಿ ಮಧ್ಯಪ್ರಾಂತಕ್ಕೆ ಹೋಗಿ ದಿಕ್ಕಿಲ್ಲದ ನೂರಾರು ಹುಡುಗಿಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗು. ಕೇಡಗಾಂವದ ಬಯಲು ಹೊಲವೇ ಆಸರೆಯಾಯಿತು. 1900ರ ಹೊತ್ತಿಗೆ ಅಲ್ಲಿನ ಮುಕ್ತಿ ಸದನದಲ್ಲಿ 1,500ಕ್ಕೂ ಹೆಚ್ಚು ಜನ. ಇಷ್ಟು ಮಂದಿಯನ್ನು ಬರೀ ದಾನದ ಗಂಜಿಯ ಮೇಲೆ ಕೂರಿಸಲಿಲ್ಲ. ಮಗ್ಗ, ಹೊಲಿಗೆ, ಹೈನು, ಎಣ್ಣೆಗಾಣ, ಮುದ್ರಣಾಲಯ ಎಲ್ಲವೂ ಇದ್ದವು, ನಡೆಸುವವರು ಹೆಂಗಸರೇ. ಕುರುಡಿಯರಿಗೆ ಬ್ರೈಲ್ ಕಲಿಸಿದರು. ಹೀಬ್ರೂ, ಗ್ರೀಕ್ ಕಲಿತು ರಮಾಬಾಯಿ ಮರಾಠಿಗೆ ತಂದ ಬೈಬಲಿಗೆ ಮೊಳೆ ಜೋಡಿಸಿದ್ದೂ ಆ ಹೆಣ್ಣುಮಕ್ಕಳ ಕೈಗಳೇ. ಕೂಟದ ಹೊಲಿಗೆ ತರಗತಿ ನೋಡಿಕೊಳ್ಳುವವಳು ನಾನು.

1912ರಲ್ಲಿ, ನಿಜಾಮರ ಸೀಮೆಯಾಗಿದ್ದ ಕಲಬುರ್ಗಿಯಲ್ಲಿ ಕ್ರಿಶ್ಚಿಯನ್ ಹೈಸ್ಕೂಲ್ ಶುರುವಾಯಿತು. ರಮಾಬಾಯಿಯವರ ಮಗಳು ಮನೋರಮಾ ಅದರ ಮುಖ್ಯಸ್ಥೆ. ಅವರು 1921ರಲ್ಲಿ, ತಾಯಿ 1922ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಕೇಡಗಾಂವದ ಮುಕ್ತಿ ಮಿಷನ್ ಇಂದಿಗೂ ನಡೆಯುತ್ತಿದೆ.

ನಮ್ಮ ಕೂಟದಲ್ಲೂ, ಹೊಲಿಗೆ ಯಂತ್ರ ಸಭೆಯ ಕೆಲಸವೇ ಎಂಬ ಚರ್ಚೆ ನಡೆದದ್ದುಂಟು. ಅದು ಬಗೆಹರಿದಿದೆ, ಹೆಸರುಗಳು ಬೇಡ. ಹದಿನೆಂಟು ತುಂಬುವ ಮುಂಚೆ ಮದುವೆಯಾಗಿ, ಗಂಡನ ಸಾಲ ತೀರಿಸಲು ಬೀಡಿ ಕಟ್ಟುವ, ಟಾವೆಲ್ ಹೊಲಿಯುವ ತಂಗಿಯರು ಪ್ರಾರ್ಥನೆಗೆ ಬಂದು ಕೂತಾಗ ಅವರಿಗಾಗಿ ಮೊಣಕಾಲೂರುವುದಷ್ಟೇ ನಮ್ಮ ಕೆಲಸವಾದರೆ ರಮಾಬಾಯಿಯವರ ಹೆಸರೆತ್ತುವ ಹಕ್ಕು ನಮಗಿಲ್ಲ ಎಂದೇ ನನ್ನ ವಾದ. ಈ ಸಂಚಿಕೆಯ ಜಾಹೀರಾತಿನ ಹಣದಲ್ಲಿ, ರಾತ್ರಿ ಪಾಳಿ ಮುಗಿಸಿ ಬಸ್ಸಿಲ್ಲದೆ ಉಳಿಯುವ ಹೆಂಗಸರಿಗೊಂದು ಬಾಡಿಗೆ ಕೋಣೆ ಹಿಡಿಯಬೇಕೆಂದು ಸಮಿತಿಗೆ ಬರೆದುಕೊಟ್ಟಿದ್ದೇನೆ.