ಮೇಜಿನ ಮೇಲಣ ಓಟದ ಕಾರು

ಕರಿಯನ್ನು ಕನ್ನಡಿಯಲ್ಲಿ ತೋರಿಸಿದಂತೆ ಎಂಬ ಮಾತು ನಮ್ಮಲ್ಲಿ ಹಳೆಯದು. ದೊಡ್ಡದನ್ನು ಚಿಕ್ಕದರಲ್ಲಿ ಅಡಗಿಸುವಾಗ ಯಾವ ಅವಯವವೂ ಲೋಪವಾಗಬಾರದೆಂಬುದೇ ಆ ಮಾತಿನ ಸ್ವಾರಸ್ಯ. ಆಟಿಕೆಗೂ ಪ್ರತಿಕೃತಿಗೂ ಇರುವ ಅಂತರವೂ ಇದೇ. ನಾಲ್ಕು ಗಾಲಿಗಳುಳ್ಳ ಮರದ ತುಂಡು ಮಗುವಿನ ಕಣ್ಣಿಗೆ ಕಾರಾಗಬಲ್ಲುದು. ಪ್ರತಿಕೃತಿ ಎನಿಸಿಕೊಳ್ಳಬೇಕಾದರೆ ಮೂಲದ ಉದ್ದ, ಅಗಲ, ಎತ್ತರಗಳೆಲ್ಲ ಒಂದೇ ಲೆಕ್ಕದಲ್ಲಿ ಕುಗ್ಗಬೇಕು. ಈ ಲೆಕ್ಕವನ್ನು ನೆಚ್ಚಿ, ಓಟದ ಕಾರುಗಳ ಕಿರುಮಾದರಿಗಳನ್ನು ಜೋಡಿಸುವ ಹವ್ಯಾಸವೊಂದು ಅನೇಕ ದೇಶಗಳಲ್ಲಿ ಬೇರೂರಿದೆ. ದೊಡ್ಡವರು ಮಕ್ಕಳಾಟಕ್ಕೆ ಇಳಿದರೆಂದು ನಗುವವರೂ ಉಂಟು. ಆದರೆ ಇದರ ಇತಿಹಾಸವನ್ನು ನೋಡಿದರೆ, ಇದು ಆಟಕ್ಕಿಂತ ದಾಖಲೆಯ ಕೆಲಸಕ್ಕೆ ಹೆಚ್ಚು ಹತ್ತಿರವೆಂದು ತೋರುತ್ತದೆ.

ಓಟದ ಕಾರಿನ ಆಯುಸ್ಸು ಬಲು ಸ್ವಲ್ಪ. ಈ ವರ್ಷ ಹೊಸದು, ಮರುವರ್ಷ ಹಳತು. ಅಪಘಾತದಲ್ಲಿ ನುಚ್ಚುನೂರಾದವು ಎಷ್ಟೋ. ಬಿಡಿಭಾಗಗಳಿಗಾಗಿ ಕಳಚಿಹಾಕಿದವು ಎಷ್ಟೋ. ಉಳಿದ ಒಂದೆರಡು ಯಾವುದೋ ವಸ್ತುಸಂಗ್ರಹಾಲಯವನ್ನೋ ಸಿರಿವಂತರ ಮನೆಯನ್ನೋ ಸೇರುತ್ತವೆ. ಹೀಗೆ ಮರೆಯಾಗುವ ಯಂತ್ರವೊಂದು ಸಾಮಾನ್ಯ ಗೃಹಸ್ಥನ ಮೇಜಿನ ಮೇಲೆ ಉಳಿಯುವುದು ಪ್ರತಿಕೃತಿಯ ರೂಪದಲ್ಲಿ ಮಾತ್ರ.

ಕುಗ್ಗಿಸುವ ಪ್ರಮಾಣಗಳಿಗೂ ಒಂದೊಂದು ಕಥೆಯಿದೆ. ಒಂದು ಅಡಿಯನ್ನು ಒಂದು ಅಂಗುಲಕ್ಕೆ ಇಳಿಸಿದರೆ ಹನ್ನೆರಡರಲ್ಲಿ ಒಂದು, ಅರ್ಧ ಅಂಗುಲಕ್ಕೆ ಇಳಿಸಿದರೆ ಇಪ್ಪತ್ತನಾಲ್ಕರಲ್ಲಿ ಒಂದು. ಇವು ಬ್ರಿಟಿಷ್ ಅಳತೆಗೋಲಿನ ಮಕ್ಕಳು. ನಲವತ್ತಮೂರರಲ್ಲಿ ಒಂದು ಎಂಬ ವಿಚಿತ್ರ ಸಂಖ್ಯೆ ಬಂದದ್ದು ಆಟದ ರೈಲಿನಿಂದ. ಇಂಗ್ಲೆಂಡಿನಲ್ಲಿ ‘ಓ’ ಗೇಜಿನ ರೈಲುಮಾದರಿಗಳನ್ನು ಅಡಿಗೆ 7 ಮಿಲಿಮೀಟರಿನಂತೆ ಮಾಡುತ್ತಿದ್ದರು. ಆ ರೈಲುನಿಲ್ದಾಣಗಳ ಪಕ್ಕದಲ್ಲಿ ನಿಲ್ಲಿಸಲೆಂದು ಹುಟ್ಟಿದ ಪುಟ್ಟ ಲೋಹದ ಕಾರುಗಳು ಬರಬರುತ್ತ ರೈಲನ್ನೇ ಬಿಟ್ಟು ಸ್ವತಂತ್ರವಾದವು. ನಾಲ್ಕು ಮೀಟರಿನ ಕಾರು ಈ ಪ್ರಮಾಣದಲ್ಲಿ ಒಂಬತ್ತು ಸೆಂಟಿಮೀಟರಾದರೆ, ಹನ್ನೆರಡರ ಪ್ರಮಾಣದಲ್ಲಿ ಮೂವತ್ತಮೂರು ಸೆಂಟಿಮೀಟರು. ಮೊದಲಿನದು ಅಂಗೈಯಲ್ಲಿ ನಿಂತೀತು. ಎರಡನೆಯದರಲ್ಲಿ ಎಂಜಿನ್ನಿನ ನರನಾಡಿಗಳನ್ನೂ ತೋರಿಸಲು ಎಡೆಯುಂಟು.

ಈ ದೊಡ್ಡ ಪ್ರಮಾಣದ ಓಟದ ಕಾರುಗಳಿಗೆ ಹೆಸರಾದದ್ದು ಜಪಾನಿನ ಷಿಜುಓಕಾ ಪಟ್ಟಣ. ಬೆಟ್ಟಗಾಡಿನ ಮರ ಸುಲಭವಾಗಿ ದೊರೆಯುತ್ತಿದ್ದ ಆ ಸೀಮೆಯಲ್ಲಿ ಮರಗೆಲಸ ಪರಂಪರೆಯಿಂದ ಬಂದ ಕಸುಬು. 1946ರಲ್ಲಿ ಯೋಷಿಯೋ ತಾಮಿಯಾ ಎಂಬವರು ಅಲ್ಲಿ ಮರ ಕೊಯ್ಯುವ ಉದ್ಯಮ ಆರಂಭಿಸಿದರು. ಅದರ ಜೊತೆಗೇ ಮರದ ಮಾದರಿಗಳ ತಯಾರಿಕೆಯೂ ಸೇರಿಕೊಂಡಿತು. 1951ರಲ್ಲಿ ಬೆಂಕಿ ಬಿದ್ದು ಉದ್ಯಮಕ್ಕೆ ಭಾರಿ ನಷ್ಟವಾಯಿತು. ಎರಡು ವರ್ಷಗಳ ತರುವಾಯ ಅವರು ಮರದ ವ್ಯಾಪಾರವನ್ನೇ ಬಿಟ್ಟು ಮಾದರಿಗಳನ್ನೇ ನಂಬಿದರು.

ಆದರೆ ಆ ನಂಬಿಕೆಗೂ ಬಲುಬೇಗ ಪರೀಕ್ಷೆ ಒದಗಿತು. ಅಮೆರಿಕ, ಇಂಗ್ಲೆಂಡುಗಳಿಂದ ಪ್ಲಾಸ್ಟಿಕ್ ಮಾದರಿಗಳು ಬಂದವು. ಕರಗಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿಗೆ ಒತ್ತಿ ತೆಗೆದ ಆ ಭಾಗಗಳ ನಯದೆದುರು ಮರ ಸೋತಿತು. 1960ರಲ್ಲಿ ತಾಮಿಯಾದವರು ಯಮಾಟೊ ಯುದ್ಧನೌಕೆಯ ಪ್ಲಾಸ್ಟಿಕ್ ಮಾದರಿ ತಂದರು. ಅಷ್ಟರಲ್ಲಿ ಪ್ರತಿಸ್ಪರ್ಧಿಯೊಬ್ಬರು ಅದೇ ನೌಕೆಯನ್ನು ಅಗ್ಗದ ಬೆಲೆಗೆ ಮಾರುಕಟ್ಟೆಗೆ ಬಿಟ್ಟಿದ್ದರಿಂದ ಕೈಸುಟ್ಟುಕೊಂಡರು. ಆಗ ಅವರನ್ನು ಕಾಪಾಡಿದ್ದು, ಬಳಕೆ ತಪ್ಪಿದ ಅಚ್ಚಿನಿಂದ ತೆಗೆದ ಅಗ್ಗದ ಪುಟ್ಟ ಓಟದ ಕಾರು. ಅದಿನ್ನೂ ಆಟಿಕೆ, ಪ್ರತಿಕೃತಿಯಲ್ಲ.

ಪ್ರತಿಕೃತಿ ಬಂದದ್ದು ಹೋಂಡಾ ಕಾರಿನೊಡನೆ. ಹೋಂಡಾ ಸಂಸ್ಥೆ 1964ರಲ್ಲಿ ಫಾರ್ಮುಲಾ ಒನ್ ಪಂದ್ಯಗಳಿಗೆ ಇಳಿದು, ಮರುವರ್ಷ ಮೆಕ್ಸಿಕೋದಲ್ಲಿ ಗೆದ್ದಿತು. 1966ರಲ್ಲಿ ಎಂಜಿನ್ನಿನ ಗಾತ್ರ 3 ಲೀಟರಿಗೆ ಏರಿದಾಗ ಅದು ಕಟ್ಟಿದ ಹೊಸ ಕಾರು ಆರ್‌ಎ 273. ಹನ್ನೆರಡು ಸಿಲಿಂಡರುಗಳು, ಎಂಜಿನ್ನಿನ ನೆತ್ತಿಯ ಮೇಲೆ ಬಳ್ಳಿಗಳಂತೆ ಹೆಣೆದ ಹೊಗೆಕೊಳವೆಗಳು. ನಿಯಮದ ಕನಿಷ್ಠ ತೂಕ 500 ಕಿಲೋಗ್ರಾಂ ಇರುವಲ್ಲಿ ಇದರ ಭಾರ ಅದಕ್ಕಿಂತ ನೂರು ಕಿಲೋಗ್ರಾಂಗೂ ಮಿಗಿಲು. ಇಟಲಿಯ ಮೊಂಜಾದಲ್ಲಿ ಮೊದಲ ಪಂದ್ಯ ಓಡುವಾಗಲೇ ರಿಚೀ ಗಿಂಥರ್ ನಡೆಸುತ್ತಿದ್ದ ಕಾರು ಅಪಘಾತಕ್ಕೀಡಾಯಿತು. ಈ ಮಾದರಿಗೆ ಒಂದೂ ಗೆಲುವು ಒಲಿಯಲಿಲ್ಲ.

ಗೆಲ್ಲದ ಈ ಕಾರನ್ನೇ 1967ರಲ್ಲಿ ತಾಮಿಯಾ ಹನ್ನೆರಡರ ಪ್ರಮಾಣದಲ್ಲಿ ಹೊರತಂದಿತು. ಎಂಜಿನ್, ಕೊಳವೆಗಳು, ಗಾಲಿಯ ತೋಳುಗಳು, ಎಲ್ಲವೂ ಅಳತೆಗೆ ಸರಿಯಾಗಿ ಬಂದವು. ಪಂದ್ಯದ ಪಟ್ಟಿಯಲ್ಲಿ ಸೋತ ಕಾರು ಹವ್ಯಾಸಿಗಳ ಮನೆಗಳಲ್ಲಿ ಸ್ಥಾನ ಪಡೆಯಿತು. ಇತಿಹಾಸ ಗೆದ್ದವರದೆಂಬ ಮಾತು ಇಲ್ಲಿ ಸಲ್ಲಲಿಲ್ಲ!

ನಿಖರತೆಯ ಹಂಬಲ ಮುಂದೆ ಎಲ್ಲಿಗೆ ಮುಟ್ಟಿತೆಂಬುದಕ್ಕೆ ಯೋಷಿಯೋ ಅವರ ಮಗ ಶುನ್ಸಾಕು ತಾಮಿಯಾ ನಿದರ್ಶನ. ಪೋರ್ಷೆ 934ರ ಮಾದರಿಗೆ ಕೈಹಾಕಿದಾಗ ಚಿತ್ರಗಳೂ ಅಳತೆಗಳೂ ಸಾಲದಾಗಿ, ಅವರು ಪೋರ್ಷೆ 911 ಕಾರೊಂದನ್ನು ಕೊಂಡು ಕಳಚಿಹಾಕಿದರು. ಮತ್ತೆ ಜೋಡಿಸಲು ಪೋರ್ಷೆಯ ತಂತ್ರಜ್ಞರನ್ನೇ ಕರೆಯಬೇಕಾಯಿತಂತೆ. ಉಕ್ಕಿನ ಅಚ್ಚಿಗೆ ತಗಲಿದ ವೆಚ್ಚವನ್ನು ಹೊರಡಿಸಲು 1976ರಲ್ಲಿ ಅದೇ ಕಾರಿಗೆ ರೇಡಿಯೋ ನಿಯಂತ್ರಣದ ಯಂತ್ರ ಅಳವಡಿಸಿ ಮಾರಿದರು. ಆ ವ್ಯಾಪಾರ ಮೂಲ ಮಾದರಿಯನ್ನೂ ಮೀರಿಸಿ ಬೆಳೆಯಿತು.

ಟೈರೆಲ್ ಪಿ34 ಮತ್ತೊಂದು ಉದಾಹರಣೆ. ಡೆರೆಕ್ ಗಾರ್ಡ್ನರ್ ರೂಪಿಸಿದ ಈ ಕಾರಿಗೆ ಮುಂದೆ ನಾಲ್ಕು ಕಿರುಗಾಲಿಗಳು, ಹಿಂದೆ ಎರಡು ದೊಡ್ಡವು. 1976ರ ಸ್ವೀಡನ್ ಪಂದ್ಯದಲ್ಲಿ ಇದು ಮೊದಲೆರಡು ಸ್ಥಾನಗಳನ್ನೂ ಗಳಿಸಿತು. 1977ರ ಬಳಿಕ ತೆರೆಮರೆಗೆ ಸರಿಯಿತು. 1983ರ ನಿಯಮ ನಾಲ್ಕಕ್ಕಿಂತ ಹೆಚ್ಚು ಗಾಲಿಗಳನ್ನೇ ನಿಷೇಧಿಸಿತು. ಎರಡೇ ವರ್ಷ ಓಡಿದ ಈ ಕೌತುಕವನ್ನು ಆಮೇಲೆ ಹುಟ್ಟಿದವರು ಬೆರಳಿನಿಂದ ಮುಟ್ಟಿ ಅರಿತದ್ದು ಪ್ಲಾಸ್ಟಿಕ್ ಮಾದರಿಗಳಿಂದಲೇ.

ಪೆಟ್ಟಿಗೆ ಕೊಂಡ ಮಾತ್ರಕ್ಕೆ ಕಾರಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಚೌಕಟ್ಟಿನಿಂದ ಭಾಗಗಳನ್ನು ಕತ್ತರಿಸಿ, ಅಂಚು ಉಜ್ಜಿ, ತೆಳುವಾಗಿ ಹಲವು ಸಲ ಬಣ್ಣ ಹಚ್ಚಬೇಕು. ಅಂಕಿ, ಅಕ್ಷರಗಳ ಚಿತ್ರಪೊರೆಯನ್ನು ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸಬೇಕು. ಅಚ್ಚಿನ ಪ್ಲಾಸ್ಟಿಕ್ ಒಂದು ಮಿಲಿಮೀಟರು ದಪ್ಪವಿದ್ದರೆ, ಹನ್ನೆರಡರ ಪ್ರಮಾಣದಲ್ಲಿ ಅದು ಹನ್ನೆರಡು ಮಿಲಿಮೀಟರಿನ ಗೋಡೆಗೆ ಸಮ! ನಿಜವಾದ ಕಾರಿನ ಹೊದಿಕೆ ಅಷ್ಟು ದಪ್ಪವಿರಲು ಸಾಧ್ಯವೆ? ಆದುದರಿಂದ ನಿಷ್ಠಾವಂತ ಹವ್ಯಾಸಿ ಅಂಚನ್ನು ಒಳಗಿನಿಂದ ಕೆರೆದು ತೆಳುಮಾಡುತ್ತಾನೆ. ಪೆಟ್ಟಿಗೆಯಲ್ಲಿಲ್ಲದ ವಿದ್ಯುತ್ ತಂತಿಗಳನ್ನು ತಾನೇ ಎಳೆಯುತ್ತಾನೆ. ತಿಂಗಳುಗಳು ಉರುಳುವುದುಂಟು.

ಅದಕ್ಕಿಂತ ಕಠಿಣವಾದ ಪ್ರಶ್ನೆ ಬೇರೊಂದಿದೆ. ಒಂದೇ ಕಾರು ಪಂದ್ಯದಿಂದ ಪಂದ್ಯಕ್ಕೆ ರೂಪ ಬದಲಿಸುತ್ತದೆ. ಹಾಗಾದರೆ ಮಾಡತಕ್ಕದ್ದು ಯಾವ ಊರಿನ, ಯಾವ ದಿನದ ಕಾರನ್ನು? ಉತ್ತರಕ್ಕಾಗಿ ಹಳೆಯ ಛಾಯಾಚಿತ್ರಗಳನ್ನು ಹೋಲಿಸಿ ನೋಡಬೇಕು; ಇದು ಶಾಸನ ಓದುವವನ ಶ್ರಮಕ್ಕೆ ಕಡಮೆಯದಲ್ಲ. 1968ರಲ್ಲಿ ಲೋಟಸ್ ತಂಡ ತನ್ನ ಕಾರುಗಳಿಗೆ ಸಿಗರೇಟು ಕಂಪನಿಯ ಬಣ್ಣ ಬಳಿದಂದಿನಿಂದ ಹಲವು ಪ್ರಸಿದ್ಧ ಕಾರುಗಳ ಮೈಮೇಲೆ ತಂಬಾಕಿನ ಹೆಸರು ಏರಿತು. ಯುರೋಪಿನ ಒಕ್ಕೂಟ 2005ರಲ್ಲಿ ಇಂಥ ಪ್ರಾಯೋಜಕತ್ವವನ್ನು ತಡೆಯಿತು. ಮಾದರಿಗಳ ಪೆಟ್ಟಿಗೆಗಳಿಂದಲೂ ಆ ಹೆಸರುಗಳು ಬಹುಮಟ್ಟಿಗೆ ಮಾಯವಾದವು. ಆಟದ ಪೆಟ್ಟಿಗೆಯಲ್ಲಿ ಸಿಗರೇಟಿನ ಜಾಹೀರಾತು ಇರಬಾರದೆಂಬುದು ನ್ಯಾಯವೇ. ಆದರೆ ಹೆಸರಿಲ್ಲದ ಕಾರು ಅಂದು ಓಡಿದ ಕಾರಲ್ಲ. ಅನೇಕ ಹವ್ಯಾಸಿಗಳು ಆ ಚಿತ್ರಪೊರೆಯನ್ನು ಬೇರೆ ಕಡೆಯಿಂದ ತರಿಸಿ ಅಂಟಿಸುತ್ತಾರೆ. ತಂಬಾಕಿನ ಮೇಲಿನ ಮೋಹದಿಂದಲ್ಲ. ನಡೆದದ್ದನ್ನು ನಡೆದಂತೆಯೇ ಹೇಳಬೇಕೆಂಬ ಹಟದಿಂದ. ಗತಕಾಲದ ಕಲೆಗಳನ್ನು ಒರೆಸಿಹಾಕಿದರೆ ಕಣ್ಣಿಗೆ ಚೆನ್ನಾಗಿ ಕಂಡೀತು. ಚರಿತ್ರೆ ಮಾತ್ರ ಆಗಲಾರದು.

ಶುನ್ಸಾಕು ತಾಮಿಯಾ 2025ರಲ್ಲಿ ತಮ್ಮ 90ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ತಂದೆಯ ಕಾಲದ ಮರ ಹೋಗಿ ಪ್ಲಾಸ್ಟಿಕ್ ಬಂದಿತು. ನಾಳೆ ಮತ್ತೊಂದು ಬಂದೀತು. ಪದಾರ್ಥ ಯಾವುದಾದರೇನು? ಕನ್ನಡಿ ಚಿಕ್ಕದಾದರೂ ಕರಿಯ ದಂತವೂ ಕಾಣಬೇಕು, ಮೈಮೇಲಿನ ಗಾಯದ ಗುರುತೂ ಕಾಣಬೇಕು.